ಮನೆಯಲ್ಲೇ ಎಲ್‌ಇಡಿ ಪ್ರೊಜೆಕ್ಟರ್: ಯಾವ ಪ್ಯಾನೆಲ್, ಯಾವ ಎಲ್‌ಇಡಿ, ಯಾವ ಮಸೂರ?

ನೂರು ವ್ಯಾಟ್‌ನ ಎಲ್‌ಇಡಿ ಚಿಪ್ ಮಾರುವವರು 10,000 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಎಂದು ಹೇಳುತ್ತಾರೆ. ಅದನ್ನು ಡಬ್ಬಿಯೊಳಗೆ ಕೂರಿಸಿ, ಮುಂದೆ ಎಲ್‌ಸಿಡಿ ಪ್ಯಾನೆಲ್ ಇಟ್ಟು, ಮಸೂರದ ಮೂಲಕ ಗೋಡೆಗೆ ಬಿಟ್ಟರೆ ಸಿಗುವುದು 50ರಿಂದ 100 ಲ್ಯೂಮೆನ್. ಈ ಲೆಕ್ಕ ಹಾಕದೆ ಸಾಮಾನು ತಂದವರು ಚಿತ್ರ ಮಂಕಾದಾಗ ಇನ್ನೂ ದೊಡ್ಡ ಎಲ್‌ಇಡಿ ತರುತ್ತಾರೆ. ಚಿತ್ರ ಅಷ್ಟೇನೂ ಬೆಳಗುವುದಿಲ್ಲ, ಪ್ಯಾನೆಲ್ ಮಾತ್ರ ಕಾಯುತ್ತದೆ. ಹಾಗಾಗಿ ಬೆಳಕು ಎಲ್ಲೆಲ್ಲಿ ಸೋರುತ್ತದೆ ಎಂಬುದನ್ನು ಮೊದಲು ನೋಡಿ, ಏನು ಕೊಳ್ಳಬೇಕು ಎಂಬುದಕ್ಕೆ ಆಮೇಲೆ ಬರೋಣ.

ಅಗ್ಗದ ಚಿಪ್‌ನಿಂದ ನಿಜಕ್ಕೂ 8,000 ಲ್ಯೂಮೆನ್ ಬರುತ್ತದೆ ಎಂದಿಟ್ಟುಕೊಳ್ಳಿ. ಈ ಬೆಳಕು ಮುಂದಿನ ಅರ್ಧಗೋಳಕ್ಕೆಲ್ಲ ಚೆಲ್ಲುತ್ತದೆ. 5.5 ಇಂಚಿನ ಪ್ಯಾನೆಲ್ 121 × 68 ಮಿ.ಮೀ. ಇರುತ್ತದೆ. ಅದರ ಹಿಂದೆ 120 ಮಿ.ಮೀ. ಸಂಗಮದೂರದ (ಫೋಕಲ್ ಲೆಂಗ್ತ್) ಫ್ರೆನೆಲ್, ಅಂದರೆ ಉಂಗುರದ ಗೆರೆಗಳಿರುವ ಚಪ್ಪಟೆ ಮಸೂರ, ಇಟ್ಟರೆ ಎಲ್‌ಇಡಿಯಿಂದ ಸುಮಾರು 30 ಡಿಗ್ರಿ ಒಳಗೆ ಹೊರಟ ಬೆಳಕಷ್ಟೇ ಕೈಗೆ ಸಿಗುತ್ತದೆ. ಅದು ಒಟ್ಟು ಬೆಳಕಿನ ಕಾಲು ಭಾಗ. ಬೆಳಕು ಬೀಳುವುದು ವೃತ್ತವಾಗಿ, ಪ್ಯಾನೆಲ್ ಇರುವುದು ಆಯತವಾಗಿ. ಆ ಕಾಲು ಭಾಗದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಪ್ಯಾನೆಲ್ ಮೇಲೆ ಬಿದ್ದು, ಉಳಿದದ್ದು ಚೌಕಟ್ಟಿಗೆ ಹೋಗುತ್ತದೆ. ಅಲ್ಲಿಗೆ 1,100 ಲ್ಯೂಮೆನ್. ಬಣ್ಣದ ಎಲ್‌ಸಿಡಿ ತನ್ನ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ), ಬಣ್ಣದ ಸೋಸುಪದರ ಎಲ್ಲ ಸೇರಿ ನೂರಕ್ಕೆ 5ರಿಂದ 7 ಪಾಲು ಮಾತ್ರ ದಾಟಗೊಡುತ್ತದೆ. ಫ್ರೆನೆಲ್‌ಗಳು, ಮಸೂರ ಇನ್ನೊಂದು ಕಾಲು ಭಾಗ ತಿನ್ನುತ್ತವೆ. ಕೊನೆಗೆ ಉಳಿಯುವುದು 50ರ ಆಸುಪಾಸು. ಎಲ್‌ಇಡಿಯ ಮೂತಿಗೇ ಒಂದು ಗಾಜಿನ ಸಂಗ್ರಾಹಕ ಮಸೂರ ಹಾಕಿದರೆ ಇದು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ.

ಇಷ್ಟು ಬೆಳಕು ಸಾಕೇ ಎಂಬುದು ಪರದೆಯ ಅಳತೆಗೆ ಬಿಟ್ಟದ್ದು. 60 ಇಂಚಿನ ಚಿತ್ರ ಸುಮಾರು ಒಂದು ಚದರ ಮೀಟರ್, ಹಾಗಾಗಿ 90 ಲ್ಯೂಮೆನ್ ಅಲ್ಲಿ 90 ಲಕ್ಸ್ ಆಗುತ್ತದೆ. ಡಿಜಿಟಲ್ ಚಿತ್ರಮಂದಿರಗಳು ಇಟ್ಟುಕೊಳ್ಳುವ ಗುರಿ ಚದರ ಮೀಟರಿಗೆ 48 ಕ್ಯಾಂಡೆಲಾ, ಅಂದರೆ ಸಾಧಾರಣ ಬಿಳಿ ಪರದೆಯ ಮೇಲೆ 150 ಲಕ್ಸ್. ಕತ್ತಲು ಕೋಣೆಯಲ್ಲಿ 60 ಇಂಚು ಚೆನ್ನಾಗಿಯೇ ಕಾಣುತ್ತದೆ. ಅದೇ ಬೆಳಕನ್ನು 100 ಇಂಚಿಗೆ ಹರಡಿದರೆ 33 ಲಕ್ಸ್. ಕಪ್ಪು ದೃಶ್ಯಗಳಲ್ಲಿ ಮುಖ ಗುರುತು ಸಿಗದು. ಟ್ಯೂಬ್‌ಲೈಟ್ ಹಾಕಿಕೊಂಡು ನೋಡುವ ಆಸೆಯಿದ್ದರೆ ಈ ಕೆಲಸಕ್ಕೇ ಕೈಹಾಕಬೇಡಿ.

ನಾಲ್ಕು ದಾರಿಗಳು

ಸಿನಿಮಾ ನೋಡುವುದಷ್ಟೇ ಮುಖ್ಯ ಅನ್ನುವವರು ಅಂಗಡಿಯ ಸಿದ್ಧ ಎಲ್‌ಇಡಿ ಪ್ರೊಜೆಕ್ಟರ್ ಕೊಳ್ಳುವುದೇ ಮೇಲು. ಒಳಗೆ ನೋಡಿದರೆ ಅದೂ ಇದೇ ಯಂತ್ರ: ನಾಲ್ಕೈದು ಇಂಚಿನ ಒಂದು ಎಲ್‌ಸಿಡಿ, ಎರಡು ಫ್ರೆನೆಲ್, ಒಂದು ಎಲ್‌ಇಡಿ. ಆದರೆ ಅದರ ಮಸೂರ, ಪ್ಯಾನೆಲ್, ಗಾಳಿಯ ದಾರಿ ಒಂದಕ್ಕೊಂದು ಹೊಂದುವಂತೆ ಮಾಡಿದವು. ಕೊಳ್ಳುವಾಗ ಡಬ್ಬಿಯ ಮೇಲಿನ ಬರೀ ಲ್ಯೂಮೆನ್ ನಂಬಬೇಡಿ, ಎಎನ್‌ಎಸ್‌ಐ ಲ್ಯೂಮೆನ್ (ಪರದೆಯ ಮೇಲೆ ಅಳೆದ ಬೆಳಕು) ಎಷ್ಟು ಎಂದು ಕೇಳಿ. ಜೊತೆಗೆ ಪ್ಯಾನೆಲ್‌ನ ಸ್ವಂತ ರೆಸಲ್ಯೂಶನ್ ಎಷ್ಟು ಎಂದೂ ಕೇಳಿ. "1080ಪಿ ಸಪೋರ್ಟ್" ಎಂದರೆ 1080ಪಿ ಸಿಗ್ನಲ್ ಸ್ವೀಕರಿಸುತ್ತದೆ ಎಂದಷ್ಟೇ. ತೋರಿಸುವುದು 800 × 480 ಇರಬಹುದು.

ಕಟ್ಟುವ ಖುಷಿಯೇ ಬೇಕು ಅನ್ನುವವರಿಗೆ ಉಳಿದ ಮೂರು ದಾರಿ.

ಒಂದು, 5.5 ಇಂಚಿನ ಮೊಬೈಲ್ ಮಾದರಿಯ ಪ್ಯಾನೆಲ್, ಅದರ ಎಚ್‌ಡಿಎಂಐ ಬೋರ್ಡ್, 200 ಮಿ.ಮೀ. ಸಂಗಮದೂರದ ಮಸೂರ ಮತ್ತು 100 ವ್ಯಾಟ್ ಚಿಪ್. ಎಲ್‌ಇಡಿಯಿಂದ ಮಸೂರದವರೆಗಿನ ಸಾಲು 40 ಸೆಂ.ಮೀ. ಉದ್ದದೊಳಗೆ ಮುಗಿಯುತ್ತದೆ. ಹೆಚ್ಚಿನವರಿಗೆ ಇದೇ ಸರಿ, ಮುಂದಿನ ಅಳತೆಗಳೆಲ್ಲ ಹೆಚ್ಚಾಗಿ ಇದಕ್ಕೇ ಸೇರಿದ್ದು.

ಎರಡು, ಹಳೆಯ ಓಎಚ್‌ಪಿ. ಕಾಲೇಜಿನ ಉಗ್ರಾಣದಲ್ಲೋ ಗುಜರಿಯಲ್ಲೋ ಓವರ್‌ಹೆಡ್ ಪ್ರೊಜೆಕ್ಟರ್ ಸಿಕ್ಕಿದರೆ ಕೆಲಸ ಅರ್ಧ ಮುಗಿದಂತೆಯೇ. ಸುಮಾರು 285 ಮಿ.ಮೀ. ಚೌಕದ ಫ್ರೆನೆಲ್ ಮೇಜು, 300 ಮಿ.ಮೀ. ಆಸುಪಾಸಿನ ಒಳ್ಳೆಯ ಮಸೂರ, ಕನ್ನಡಿ, ಕಂಬ ಎಲ್ಲವೂ ಅದರಲ್ಲೇ ಇವೆ. ಒಳಗಿನ 24 ವೋಲ್ಟ್ 250 ವ್ಯಾಟ್ ಅಥವಾ 36 ವೋಲ್ಟ್ 400 ವ್ಯಾಟ್ ಹ್ಯಾಲೊಜೆನ್ ಬಲ್ಬ್ ತೆಗೆದು, ಅದರ ತಂತಿ ಇದ್ದ ಜಾಗದಲ್ಲೇ ಎಲ್‌ಇಡಿಯ ಮುಖ ಬರುವಂತೆ ಕೂರಿಸಬೇಕು. ಹಿಂದಿನ ಗೋಳಕನ್ನಡಿ ಎಲ್‌ಇಡಿಗೆ ಬೇಡ, ತೆಗೆಯಿರಿ. ಬ್ಯಾಕ್‌ಲೈಟ್ (ಪರದೆಯ ಹಿಂದಿನ ಬೆಳಕಿನ ಪದರ) ಬಿಚ್ಚಿದ 10.1 ಇಂಚಿನ ಪ್ಯಾನೆಲ್ಲನ್ನು ಮೇಜಿನ ಗಾಜಿನಿಂದ 15 ಮಿ.ಮೀ. ಎತ್ತರಿಸಿ ಇಟ್ಟು, ಸುತ್ತಲಿನ ಜಾಗವನ್ನು ಕಪ್ಪು ರಟ್ಟಿನಿಂದ ಮುಚ್ಚಿ. 60 ಇಂಚಿನ ಚಿತ್ರಕ್ಕೆ ಗೋಡೆಯಿಂದ 2.2 ಮೀಟರ್ ದೂರ ಸಾಕು. ಈ ದಾರಿಯ ದೊಡ್ಡ ಲಾಭ ಬಿಸಿಯದ್ದು. ಪ್ಯಾನೆಲ್ 5.5 ಇಂಚಿನದಕ್ಕಿಂತ ವಿಸ್ತಾರದಲ್ಲಿ ಮೂರೂವರೆ ಪಟ್ಟು ಇರುವುದರಿಂದ ಶಾಖ ತೆಳುವಾಗಿ ಹರಡಿ, ಒಂದು ಮೆಲ್ಲನೆಯ ಫ್ಯಾನ್‌ಗೆ ಪೂರೈಸುತ್ತದೆ. ನಷ್ಟ ಬೆಳಕಿನದ್ದು: ಮೇಜಿಗೆ ಬಂದ ಬೆಳಕಿನಲ್ಲಿ ಮೂರನೇ ಒಂದು ಭಾಗಕ್ಕಷ್ಟೇ ಪ್ಯಾನೆಲ್ ಅಡ್ಡ ನಿಲ್ಲುತ್ತದೆ. ಕೋಣೆಯ ನಡುವೆ ಕಂಬ ನಿಂತಿರುವುದನ್ನು ಮನೆಯವರು ಒಪ್ಪಬೇಕು ಎಂಬುದು ಬೇರೆ ಮಾತು.

ಮೂರು, ಬಲ್ಬ್ ಸುಟ್ಟುಹೋದ, ಪುಟ್ಟ ಕನ್ನಡಿಗಳ ಚಿಪ್‌ನಿಂದ ಚಿತ್ರ ಮೂಡಿಸುವ ಕಚೇರಿಯ ಡಿಎಲ್‌ಪಿ ಪ್ರೊಜೆಕ್ಟರ್‌ಗೆ ಎಲ್‌ಇಡಿ ಹಾಕುವುದು. ಇದು ಎಲ್ಲರ ಕಣ್ಣಿಗೂ ಸುಲಭವಾಗಿ ಕಾಣುತ್ತದೆ, ಬಹುಪಾಲು ಜನ ಸೋಲುವುದೂ ಇಲ್ಲಿಯೇ. ಕಾರಣ ಗಣಿತದಲ್ಲಿದೆ. 100 ವ್ಯಾಟ್ ಚಿಪ್‌ನ ಹಳದಿ ಚೌಕ ಸುಮಾರು 24 ಮಿ.ಮೀ. ಅಗಲ, 576 ಚದರ ಮಿ.ಮೀ. ಡಿಎಲ್‌ಪಿಯ 0.55 ಇಂಚಿನ ಕನ್ನಡಿ ಚಿಪ್ 94 ಚದರ ಮಿ.ಮೀ., ಅದೂ 12 ಡಿಗ್ರಿಯ ಸಣ್ಣ ಕೋನದೊಳಗೆ ಬಂದ ಬೆಳಕನ್ನಷ್ಟೇ ಸ್ವೀಕರಿಸುತ್ತದೆ. ಬೆಳಕು ಹೊರಡುವ ಜಾಗದ ವಿಸ್ತಾರ ಮತ್ತು ಕೋನಗಳ ಗುಣಲಬ್ಧವನ್ನು ಯಾವ ಮಸೂರವೂ ಕುಗ್ಗಿಸಲಾರದು. ಜಾಗ ಕಿರಿದು ಮಾಡಿದರೆ ಕೋನ ಹಿಗ್ಗುತ್ತದೆ. ಲೆಕ್ಕ ಹಾಕಿದರೆ ನೂರಕ್ಕೆ ಒಂದು ಪಾಲೂ ಒಳಗೆ ಹೋಗುವುದಿಲ್ಲ. ಕೊಡದ ನೀರನ್ನು ಸೀಸೆಯ ಬಾಯಿಗೆ ಒಂದೇ ಸಲ ಸುರಿದ ಹಾಗೆ. ಮೂಲ ಪಾದರಸದ ಬಲ್ಬಿನ ಕಿಡಿ ಒಂದು ಮಿ.ಮೀ. ಮಾತ್ರ ಇದ್ದದ್ದರಿಂದ ಅಲ್ಲಿ ಹೊಂದುತ್ತಿತ್ತು. ಡಿಎಲ್‌ಪಿಗೆ ಎಲ್‌ಇಡಿ ಹಾಕಲೇಬೇಕೆಂದರೆ ಲ್ಯೂಮಿನಸ್ ಡಿವೈಸಸ್ ಕಂಪನಿಯ ಸಿಬಿಟಿ-90 ತರಹದ, 9 ಚದರ ಮಿ.ಮೀ. ಮುಖದ ಚಿಪ್ ಬೇಕು. ಅದು ಹತ್ತಾರು ಆಂಪಿಯರ್ ಕೇಳುತ್ತದೆ, ಅಷ್ಟು ಕರೆಂಟ್ ಕೊಡುವ ಡ್ರೈವರ್ ದುಬಾರಿ. ಮೇಲಾಗಿ ಬಲ್ಬ್ ಹತ್ತಿದೆ ಎಂದು ಬೋರ್ಡಿಗೆ ಸುಳ್ಳು ಸೂಚನೆ ಕೊಡಬೇಕು. ಆ ಪವರ್ ಸಪ್ಲೈ ಒಳಗೆ 380 ವೋಲ್ಟ್ ಡಿ.ಸಿ. ಹಿಡಿದಿಟ್ಟ ಕೆಪ್ಯಾಸಿಟರ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ. ಎಸ್‌ಎಂಪಿಎಸ್ (ಇಂಥ ಸ್ವಿಚಿಂಗ್ ಪವರ್ ಸಪ್ಲೈ) ರಿಪೇರಿ ಗೊತ್ತಿಲ್ಲದವರು ಮುಟ್ಟಬೇಡಿ.

ಪ್ಯಾನೆಲ್ ಕೊಳ್ಳುವ ಮುನ್ನ

5.5 ಇಂಚಿನಲ್ಲಿ 1440 × 2560ರ ಪ್ಯಾನೆಲ್ ಹಳೆಯ ರೆಸಿನ್ 3ಡಿ ಪ್ರಿಂಟರ್‌ಗಳಿಗಾಗಿ ಬಂದದ್ದು, ಈಗಲೂ ಬೋರ್ಡ್ ಸಮೇತ ಸಿಗುತ್ತದೆ. ಎರಡು ಹಳ್ಳ ನೋಡಿಕೊಳ್ಳಿ. ಹೊಸ ರೆಸಿನ್ ಪ್ರಿಂಟರ್‌ಗಳ "ಮೋನೋ" ಪ್ಯಾನೆಲ್ ಹೆಚ್ಚು ಬೆಳಕು ಬಿಡುತ್ತದೆ ನಿಜ, ಆದರೆ ಅದಕ್ಕೆ ಬಣ್ಣದ ಪದರವೇ ಇಲ್ಲ, ಚಿತ್ರ ಕಪ್ಪುಬಿಳುಪು. ಎರಡನೆಯದು, ಈ ಪ್ಯಾನೆಲ್ ಹುಟ್ಟಿನಿಂದಲೇ ನಿಲುವಾದದ್ದು. ಕಂಪ್ಯೂಟರ್ ಅಥವಾ ರಾಸ್ಬೆರಿ ಪೈನಲ್ಲಿ ಚಿತ್ರವನ್ನು 90 ಡಿಗ್ರಿ ತಿರುಗಿಸಬಹುದು. ಟಿವಿ ಸ್ಟಿಕ್, ಸೆಟ್‌ಟಾಪ್ ಬಾಕ್ಸ್‌ಗಳಿಗೆ ಆ ಸೌಲಭ್ಯ ಇರುವುದಿಲ್ಲ. ಚಿತ್ರ ಅಡ್ಡ ಮಲಗುತ್ತದೆ ಅಥವಾ ಬರುವುದೇ ಇಲ್ಲ. ಅವನ್ನೇ ಬಳಸುವುದಾದರೆ ಅಡ್ಡ 1920 × 1080 ಸಿಗ್ನಲ್ ತೆಗೆದುಕೊಂಡು ತಾನೇ ತಿರುಗಿಸುವ ಬೋರ್ಡ್ ಇರುವ ಕಿಟ್ ಕೇಳಿ ಪಡೆಯಿರಿ. ಎಚ್‌ಡಿಸಿಪಿ (ನಕಲು ತಡೆಯುವ ವ್ಯವಸ್ಥೆ) ಇಲ್ಲದ ಬೋರ್ಡಿನಲ್ಲಿ ಕೆಲವು ಓಟಿಟಿ ಆ್ಯಪ್‌ಗಳು ಕಪ್ಪು ಪರದೆ ತೋರಿಸುತ್ತವೆ, ಅದನ್ನೂ ವಿಚಾರಿಸಿ.

7 ಇಂಚಿನ 1024 × 600 ಪ್ಯಾನೆಲ್ ಅಗ್ಗ, ಸುಲಭವಾಗಿ ಸಿಗುತ್ತದೆ, ಸ್ಟಿಕ್ ಜೊತೆ ನೇರ ಕೆಲಸ ಮಾಡುತ್ತದೆ. ಮೊದಲ ಪ್ರಯತ್ನಕ್ಕೆ ಇದೇ ಒಳ್ಳೆಯದು; ಒಡೆದರೂ ಹೊಟ್ಟೆ ಉರಿಯುವುದಿಲ್ಲ. 60 ಇಂಚಿನಲ್ಲಿ ಹತ್ತಿರ ಕುಳಿತರೆ ಪಿಕ್ಸೆಲ್ ಚೌಕಗಳು ಎಣಿಸುವಂತೆ ಕಾಣುತ್ತವೆ.

ಯಾವ ಪ್ಯಾನೆಲ್ ಆದರೂ ಕೊಳ್ಳುವ ಮುಂಚೆ ಅದರ ಹಿಂಬದಿಯ ಚಿತ್ರ ನೋಡಿ. ಪಟ್ಟಿಯಂಥ ಸರ್ಕ್ಯೂಟ್ ಬೋರ್ಡ್ ಗಾಜಿನ ಹಿಂದೆ ಮಡಚಿಕೊಂಡಿದ್ದು, ಅದನ್ನು ಹಿಡಿದ ಫ್ಲೆಕ್ಸ್ (ಬಾಗುವ ತೆಳು ತಂತಿಪಟ್ಟಿ) ಗಿಡ್ಡವಾಗಿದ್ದರೆ ಬ್ಯಾಕ್‌ಲೈಟ್ ತೆಗೆದ ಮೇಲೂ ಬೋರ್ಡ್ ಬೆಳಕಿನ ದಾರಿಯಲ್ಲೇ ಉಳಿಯುತ್ತದೆ. ಅದನ್ನು ಬಿಡಿಸಿ ಪಕ್ಕಕ್ಕೆ ಚಾಚುವಂತಿರಬೇಕು. ಮುಖ ಹೊಳಪಿನದ್ದಾಗಿರಲಿ; ಮಬ್ಬು ಲೇಪದ ಪ್ಯಾನೆಲ್ ಬೆಳಕನ್ನು ಚದುರಿಸಿ ಚಿತ್ರದ ಮೇಲೆ ಮಂಜು ಹರಡುತ್ತದೆ. ಎಲ್‌ಸಿಡಿಯ ಎರಡು ಬಗೆಗಳಲ್ಲಿ ಟಿಎನ್ ಬದಲು ಐಪಿಎಸ್ ಆರಿಸಿ. ಮೂಲೆಗಳಿಗೆ ಬೆಳಕು ಓರೆಯಾಗಿ ಬೀಳುವುದರಿಂದ ಟಿಎನ್‌ನಲ್ಲಿ ಕಪ್ಪು ಬೂದುಬಣ್ಣವಾಗುತ್ತದೆ.

ಬ್ಯಾಕ್‌ಲೈಟ್ ಬಿಚ್ಚುವಾಗ ಅಂಚಿನ ಕಪ್ಪು ಟೇಪನ್ನು ಹೇರ್ ಡ್ರೈಯರ್‌ನಿಂದ ಮೆತ್ತಗೆ ಮಾಡಿ, ಗಿಟಾರ್ ಪಿಕ್‌ನಂಥ ತೆಳು ಪ್ಲಾಸ್ಟಿಕ್ ತೂರಿಸಿ, ಫ್ಲೆಕ್ಸ್ ಇಲ್ಲದ ಬದಿಯಿಂದ ಶುರು ಮಾಡಿ. ಹಿಂದಿನ ಬಿಳಿ ಹಾಳೆಗಳನ್ನು ಬಿಸಾಡಬೇಡಿ. ಅವುಗಳಲ್ಲಿ ಒಂದು ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಪ್ರತಿಫಲಿಸುವ ಪೋಲರೈಸರ್ ಇರಬಹುದು. ಪ್ಯಾನೆಲ್ ಹಿಂದೆ ಹಿಡಿದು 90 ಡಿಗ್ರಿ ತಿರುಗಿಸಿದಾಗ ಒಮ್ಮೆ ಕತ್ತಲು, ಒಮ್ಮೆ ಬೆಳಕಾದರೆ ಖಾತ್ರಿ. ಬೆಳಕಾಗಿ ಕಾಣುವ ದಿಕ್ಕಿನಲ್ಲಿ ಅದನ್ನು ಎಲ್‌ಇಡಿಗೂ ಪ್ಯಾನೆಲ್‌ಗೂ ನಡುವೆ ಇಟ್ಟರೆ, ಪ್ಯಾನೆಲ್ ಹೀರಿಕೊಂಡು ಬಿಸಿಯಾಗಬೇಕಿದ್ದ ಅರ್ಧದಷ್ಟು ಬೆಳಕು ಅಲ್ಲೇ ಹಿಂದೆ ತಿರುಗುತ್ತದೆ. ಪುಕ್ಕಟೆ ಸಿಗುವ ಉಪಕಾರ ಇದು.

ಎಲ್‌ಇಡಿ: ವ್ಯಾಟ್‌ಗಿಂತ ಮುಖದ ಅಳತೆ

5.5 ಇಂಚಿಗೂ ಅದಕ್ಕಿಂತ ದೊಡ್ಡದಕ್ಕೂ 24 ಮಿ.ಮೀ. ಮುಖದ 100 ವ್ಯಾಟ್ ಸಿಒಬಿ (ಹಲವು ಡಯೋಡ್ ಒಂದೇ ತಳದ ಮೇಲಿರುವ ಚಿಪ್) ಹೊಂದುತ್ತದೆ. ಮುಖ ಅಷ್ಟೇ ಇದ್ದು ಅದೇ ವಿದ್ಯುತ್ತಿಗೆ ಹೆಚ್ಚು ಲ್ಯೂಮೆನ್ ಕೊಡುವ ಹೆಸರುವಾಸಿ ತಯಾರಕರ ಸಿಒಬಿ ಸಿಕ್ಕರೆ ಎರಡರಷ್ಟು ಬೆಲೆ ಕೊಟ್ಟಾದರೂ ಕೊಳ್ಳಿ. ಬಿಸಿ ಕಡಿಮೆ, ಬಣ್ಣ ಚೆನ್ನ. 200, 300 ವ್ಯಾಟ್‌ನ ಅಗಲ ಮುಖದ ಚಿಪ್‌ಗಳು ಈ ಕೆಲಸಕ್ಕೆ ದಂಡ. ಹೆಚ್ಚಿದ ಮುಖದ ಬಿಂಬ ಪ್ರೊಜೆಕ್ಷನ್ ಮಸೂರದ ಬಾಯಿಂದ ಹೊರಗೆ ಬಿದ್ದು ಡಬ್ಬಿಯನ್ನು ಕಾಯಿಸುತ್ತದೆ ಅಷ್ಟೇ.

ಬಣ್ಣ 5,500ರಿಂದ 6,500 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ನಿಜವಾಗಿ ತೋರಿಸುವ ಅಳತೆ) 80ಕ್ಕೆ ಮೇಲೆ. ಸಿಆರ್‌ಐ ಕಡಿಮೆಯಿದ್ದರೆ ಕೆಂಪು ಸೊರಗಿ, ಕುಂಕುಮ ಕಂದಾಗಿ ಕಾಣುತ್ತದೆ.

ಅಂಗಡಿಯಲ್ಲಿ ಹೆಚ್ಚು ಮಾರುವ ಇನ್ನೊಂದು ಜಾತಿ ಇದೆ: 230 ವೋಲ್ಟ್ ನೇರ ಕೊಡುವ ಡಿಒಬಿ (ಡ್ರೈವರ್ ಒಳಗೊಂಡ) ಚಿಪ್. ಡ್ರೈವರ್ ಬೇಡ, ಅಗ್ಗ ಎಂದು ಮರುಳಾಗಬೇಡಿ. ಅದರ ತುದಿಗಳಲ್ಲಿ ಮೇನ್ಸ್ ವಿದ್ಯುತ್ ಬರಿದಾಗಿ ಇರುತ್ತದೆ, ನೀವು ಅದನ್ನು ಲೋಹದ ಹೀಟ್‌ಸಿಂಕ್‌ಗೆ ಬಿಗಿದು ಕೈಯಲ್ಲಿ ಹೊಂದಿಸುತ್ತಿರುತ್ತೀರಿ. ಜೊತೆಗೆ ಸೆಕೆಂಡಿಗೆ 100 ಸಲ ಮಿಟುಕುವ ಅದರ ಬೆಳಕಿಗೂ 60 ಸಲ ಹೊಸದಾಗುವ ಎಲ್‌ಸಿಡಿಗೂ ತಾಳ ತಪ್ಪಿ ಪರದೆಯ ಮೇಲೆ ಪಟ್ಟಿಗಳು ಹರಿದಾಡುತ್ತವೆ.

ಸಾದಾ 100 ವ್ಯಾಟ್ ಚಿಪ್‌ನಲ್ಲಿ ಹತ್ತರ ಹತ್ತು ಸಾಲು, ನೂರು ಪುಟ್ಟ ಡಯೋಡ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಇವು ಎಲ್ಲವೂ ಒಂದೇ ಗುಣದವಲ್ಲ. ಮೊದಲು ತಳದ ಅಂಚನ್ನು ಚಾಕುವಿನಿಂದ ಕೆರೆಯಿರಿ. ಒಳಗೆ ಕೆಂಪು ಕಂಡರೆ ತಾಮ್ರ; ಬೆಳ್ಳಗೇ ಇದ್ದರೆ ಅಲ್ಯೂಮಿನಿಯಂ, ಅದನ್ನು 50 ವ್ಯಾಟ್‌ಗಿಂತ ಮೇಲೆ ಓಡಿಸಬೇಡಿ. ಆಮೇಲೆ ಕರೆಂಟ್ ಮಿತಿಯನ್ನು 30 ಮಿಲಿಆಂಪಿಯರ್‌ಗೆ ಇಟ್ಟು ವೋಲ್ಟೇಜ್ ಮೆಲ್ಲಗೆ ಏರಿಸಿ. 27 ವೋಲ್ಟ್ ಹತ್ತಿರ ನೂರು ಚುಕ್ಕಿಗಳೂ ಮಿಣುಕಬೇಕು, ಕಪ್ಪು ಕನ್ನಡಕ ಹಾಕಿಕೊಂಡರೆ ಒಂದೊಂದನ್ನೂ ನೋಡಬಹುದು. ಚುಕ್ಕಿಗಳು ಒಂದಿಷ್ಟು ಸತ್ತಿದ್ದರೆ ಅವುಗಳ ಪಾಲಿನ ಕರೆಂಟ್ ಉಳಿದವುಗಳ ಮೇಲೆ ಬೀಳುತ್ತದೆ. ಅಂಥದ್ದನ್ನು ವಾಪಸ್ ಕೊಡಿ. ಪೂರ್ತಿ ಉರಿಯುವ ಚಿಪ್ಪನ್ನು ಬರಿಗಣ್ಣಿನಿಂದ ನೋಡಬಾರದು, ಮಕ್ಕಳು ಪಕ್ಕದಲ್ಲಿದ್ದರೆ ಹಚ್ಚಲೂ ಬಾರದು.

ಡ್ರೈವರ್

ಎಲ್‌ಇಡಿಗೆ ಹೊಂದಿಸಬೇಕಾದದ್ದು ಕರೆಂಟ್. 36 ವೋಲ್ಟ್‌ನ ಸಾದಾ ಎಸ್‌ಎಂಪಿಎಸ್ ನೇರ ಕೊಟ್ಟರೆ ಚಿಪ್ ಬಿಸಿಯಾದಂತೆ ಅದರ ವೋಲ್ಟೇಜ್ ಬೇಡಿಕೆ ಇಳಿದು, ಕರೆಂಟ್ ಏರಿ, ಇನ್ನಷ್ಟು ಬಿಸಿಯಾಗಿ ಕೊನೆಗೆ ಸುಡುತ್ತದೆ.

ನೆಮ್ಮದಿಯ ಆಯ್ಕೆ ಐಸೊಲೇಟೆಡ್ (ಮೇನ್ಸ್‌ನಿಂದ ಬೇರ್ಪಟ್ಟ) ಸ್ಥಿರ ಕರೆಂಟ್ ಡ್ರೈವರ್. ಮೀನ್‌ವೆಲ್ ಎಚ್‌ಎಲ್‌ಜಿ-120ಎಚ್-36ಎ 36 ವೋಲ್ಟ್, 3.4 ಆಂಪಿಯರ್‌ನದ್ದು, ಕರೆಂಟ್ ಇಳಿಸುವ ತಿರುಪು ಅದರಲ್ಲೇ ಇದೆ, ಫ್ಯಾನ್ ಇಲ್ಲ, ಸದ್ದಿಲ್ಲ. ಬೆಲೆ ಮಾತ್ರ ಚಿಪ್‌ನ ಹಲವು ಪಟ್ಟು. ಅಂಗಡಿಯ ಅಗ್ಗದ 3 ಆಂಪಿಯರ್ ಡ್ರೈವರ್‌ಗಳಲ್ಲಿ ಹಲವಕ್ಕೆ ಹೊಂದಿಸುವ ತಿರುಪು ಇರುವುದಿಲ್ಲ, 100 ಹರ್ಟ್ಜ್ ಮಿಟುಕೂ ಉಳಿದಿರುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ನೋಡಿದಾಗ ಪಟ್ಟಿಗಳು ಓಡಿದರೆ ಬಿಡಿ.

ಕೈಯಲ್ಲಿ ಹಳೆಯ ಲ್ಯಾಪ್‌ಟಾಪ್ ಅಡಾಪ್ಟರ್ ಇದ್ದವರಿಗೆ ಇನ್ನೊಂದು ಉಪಾಯ: 19 ವೋಲ್ಟ್ 4.74 ಆಂಪಿಯರ್ ಅಡಾಪ್ಟರ್ ಜೊತೆಗೆ, ಕರೆಂಟ್ ಮಿತಿಯೂ ಇರುವ ಬೂಸ್ಟ್ (ವೋಲ್ಟೇಜ್ ಏರಿಸುವ) ಮಾಡ್ಯೂಲ್. 90 ವ್ಯಾಟ್‌ನಿಂದ ಎಲ್‌ಇಡಿಗೆ 70 ವ್ಯಾಟ್ ನಿರಾಳವಾಗಿ ಸಿಗುತ್ತದೆ. 65 ವ್ಯಾಟ್ ಅಡಾಪ್ಟರ್ ಸಾಲದು, ಹೊತ್ತಿ ಆರಿ ಆಟ ಆಡಿಸುತ್ತದೆ. ಹೊಂದಿಸುವ ಕ್ರಮ ತಪ್ಪಬಾರದು. ಎಲ್‌ಇಡಿ ಜೋಡಿಸದೆಯೇ ವೋಲ್ಟೇಜನ್ನು 35ಕ್ಕೆ ಇಡಿ. ಕರೆಂಟ್ ತಿರುಪನ್ನು ಪೂರ್ತಿ ಕೆಳಗಿಳಿಸಿ, ಅಡಾಪ್ಟರ್ ಸ್ವಿಚ್ ಆಫ್ ಮಾಡಿ, ಕೆಪ್ಯಾಸಿಟರ್ ಖಾಲಿಯಾಗಲು ಒಂದು ನಿಮಿಷ ಬಿಡಿ. ಈಗ ಎಲ್‌ಇಡಿ ಜೋಡಿಸಿ ಹಚ್ಚಿ, ಮೀಟರ್ ನೋಡುತ್ತ 2.2 ಆಂಪಿಯರ್‌ವರೆಗೆ ಏರಿಸಿ. ಹೊತ್ತಿರುವ ಮಾಡ್ಯೂಲ್‌ಗೆ ಎಲ್‌ಇಡಿ ಚುಚ್ಚಿದರೆ ಕೆಪ್ಯಾಸಿಟರ್‌ನಲ್ಲಿ ತುಂಬಿದ್ದೆಲ್ಲ ಒಮ್ಮೆಗೇ ಚಿಪ್‌ಗೆ ನುಗ್ಗುತ್ತದೆ.

ಮೂರು ಆಂಪಿಯರ್ ಕೊಡಬಹುದಾದಲ್ಲಿ 2.2 ಏಕೆ? ಶಾಖ ಮೂರನೇ ಒಂದರಷ್ಟು ಇಳಿಯುತ್ತದೆ, ಬೆಳಕು ಮುಕ್ಕಾಲಿಗಿಂತ ಹೆಚ್ಚು ಉಳಿಯುತ್ತದೆ. ಅಷ್ಟು ವ್ಯತ್ಯಾಸ ಕಣ್ಣಿಗೆ ಗೊತ್ತೇ ಆಗದು.

ಎರಡು ಕಡೆ ಗಾಳಿ

ಎಲ್‌ಇಡಿಯ 70 ವ್ಯಾಟ್‌ನಲ್ಲಿ 45ರಿಂದ 50 ಶಾಖ. ಕಂಪ್ಯೂಟರ್ ಜೊತೆ ಬರುವ ದುಂಡನೆಯ ಸಿಪಿಯು ಕೂಲರ್ 50 ವ್ಯಾಟ್ ಚಿಪ್‌ಗೆ ಸಾಕು. 100 ವ್ಯಾಟ್ ಚಿಪ್‌ಗೆ ತಾಮ್ರದ ಹೀಟ್‌ಪೈಪ್ ಇರುವ, 92 ಅಥವಾ 120 ಮಿ.ಮೀ. ಫ್ಯಾನ್‌ನ ಟವರ್ ಕೂಲರ್ ಹಾಕಿ. ದೊಡ್ಡ ಫ್ಯಾನ್ ನಿಧಾನ ತಿರುಗಿದರೂ ಕೆಲಸ ಮಾಡುತ್ತದೆ, ಸಿನಿಮಾದ ಪಿಸುಮಾತು ಕೇಳುತ್ತದೆ. ಕಲಬುರಗಿ, ರಾಯಚೂರು ಕಡೆಯ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ಇರುವಾಗ ಸಣ್ಣ ಕೂಲರ್‌ಗೆ ತಂಪು ಮಾಡಲು ಏನೂ ಉಳಿದಿರುವುದಿಲ್ಲ. ಥರ್ಮಲ್ ಪೇಸ್ಟ್ ತೆಳ್ಳಗೆ ಬಳಿದು, ಎಂ3 ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದೇ ಮೂಲೆ ಬಿಗಿದರೆ ತಳ ಎದ್ದು ನಡುವೆ ಗಾಳಿ ಉಳಿಯುತ್ತದೆ. ಚಿಪ್ ಪಕ್ಕದಲ್ಲೇ 65 ಡಿಗ್ರಿಗೆ ಕಡಿದುಕೊಳ್ಳುವ ಥರ್ಮಲ್ ಸ್ವಿಚ್ ಅಂಟಿಸಿ ಡ್ರೈವರ್‌ಗೆ ಹೋಗುವ ದಾರಿಯಲ್ಲಿ ಸೇರಿಸಿ. ಫ್ಯಾನ್ ಸದ್ದಿಲ್ಲದೆ ನಿಂತ ದಿನ ಚಿಪ್ ಉಳಿಸುವುದು ಇದೇ.

ಎರಡನೆಯ ಗಾಳಿ ಪ್ಯಾನೆಲ್‌ಗೆ. ಇದನ್ನು ಮರೆಯುವವರೇ ಹೆಚ್ಚು. 5.5 ಇಂಚಿನ ಪ್ಯಾನೆಲ್ ಮೇಲೆ ಬೀಳುವ ಬೆಳಕು ಸುಮಾರು 7 ವ್ಯಾಟ್, ಅದರಲ್ಲಿ ಬಹುಪಾಲು ಅಲ್ಲೇ ಶಾಖವಾಗುತ್ತದೆ. ಹಳೆಯ ಹ್ಯಾಲೊಜೆನ್, ಮೆಟಲ್ ಹ್ಯಾಲೈಡ್ ಕಾಲದವರು ನಡುವೆ ಶಾಖ ತಡೆಯುವ ಗಾಜು ಹಾಕುತ್ತಿದ್ದರು. ಅದು ಅತಿಗೆಂಪು ಕಿರಣಕ್ಕೆ. ಬಿಳಿ ಎಲ್‌ಇಡಿಯಲ್ಲಿ ಅತಿಗೆಂಪು ಇಲ್ಲವೆಂದೇ ಹೇಳಬೇಕು. ಇಲ್ಲಿ ಪ್ಯಾನೆಲ್ ಕಾಯಿಸುವುದು ಕಣ್ಣಿಗೆ ಕಾಣುವ ಬೆಳಕೇ, ಹಾಗಾಗಿ ಆ ಗಾಜಿಗೆ ದುಡ್ಡು ಹಾಕಬೇಡಿ. 80 ಮಿ.ಮೀ. ಫ್ಯಾನೊಂದು ಪ್ಯಾನೆಲ್‌ನ ಅಂಚಿನಿಂದ ಊದಿ, ಎರಡೂ ಮುಖಗಳ ಮೇಲೆ ಗಾಳಿ ಸವರಿಕೊಂಡು ಹೋಗುವಂತಿರಲಿ. ಅದಕ್ಕಾಗಿ ಫ್ರೆನೆಲ್‌ಗೂ ಪ್ಯಾನೆಲ್‌ಗೂ 15ರಿಂದ 20 ಮಿ.ಮೀ. ಅಂತರ ಬಿಡಿ. ಫ್ಯಾನ್ ಬಾಯಿಗೆ ತೆಳು ಸ್ಪಂಜಿನ ಜಾಳಿಗೆ ಬೇಕು. ಪ್ಯಾನೆಲ್ ಮೇಲೆ ಕೂತ ಒಂದು ದೂಳಿನ ಕಣ ಗೋಡೆಯಲ್ಲಿ ಕಡಲೆಕಾಳಿನ ಗಾತ್ರಕ್ಕೆ ಕಾಣುತ್ತದೆ.

ಮಸೂರ ಮತ್ತು ಜೋಡಣೆ

ಪ್ರೊಜೆಕ್ಷನ್ ಮಸೂರದ ಸಂಗಮದೂರ ಪ್ಯಾನೆಲ್ ಕರ್ಣದ 1.2ರಿಂದ 1.6 ಪಟ್ಟು ಇರಲಿ. 5.5 ಇಂಚು ಎಂದರೆ 140 ಮಿ.ಮೀ., ಅದಕ್ಕೆ 170ರಿಂದ 220. 7 ಇಂಚಿಗೆ 210ರಿಂದ 280. ಮೂರು ಗಾಜಿನ ಟ್ರಿಪ್ಲೆಟ್ ಮಸೂರ, ಬಾಯಿ 80 ಮಿ.ಮೀ. ಇದ್ದರೆ ಉತ್ತಮ. ಓದುವ ಭೂತಗನ್ನಡಿ ಹಾಕಿ ಪರೀಕ್ಷಿಸಬಹುದು, ಆದರೆ ಅಕ್ಷರಗಳ ಅಂಚಿಗೆ ಕೆಂಪು ನೀಲಿ ಗೆರೆ ಬರುತ್ತದೆ, ಮೂಲೆಗಳು ಕರಗುತ್ತವೆ. ಸ್ಲೈಡ್ ಪ್ರೊಜೆಕ್ಟರಿನ 85 ಮಿ.ಮೀ. ಮಸೂರ ಇಷ್ಟು ದೊಡ್ಡ ಪ್ಯಾನೆಲ್ಲನ್ನು ಆವರಿಸುವುದೇ ಇಲ್ಲ. ದುಡ್ಡು ಒಂದೇ ಕಡೆ ಸುರಿಯಬಹುದಾದರೆ ಮಸೂರಕ್ಕೇ ಸುರಿಯಿರಿ; ಎಲ್‌ಇಡಿಯನ್ನು ನಾಳೆ ಬದಲಿಸಬಹುದು.

ಡಬ್ಬಿ ಕೊಯ್ಯುವ ಮುಂಚೆ ದೂರ ಲೆಕ್ಕ ಹಾಕಿ. ಪರದೆಯ ಅಗಲವನ್ನು ಪ್ಯಾನೆಲ್ ಅಗಲದಿಂದ ಭಾಗಿಸಿದರೆ ಹಿಗ್ಗು. 60 ಇಂಚಿಗೆ 1,328 ಭಾಗಿಸು 121, ಅಂದರೆ 11. ಮಸೂರದಿಂದ ಪರದೆಗೆ 200 × 12 = 2.4 ಮೀಟರ್; ಮಸೂರದಿಂದ ಪ್ಯಾನೆಲ್‌ಗೆ 200 × (1 + 1/11) = 218 ಮಿ.ಮೀ. 80 ಇಂಚಿಗೆ ಪರದೆ 3.1 ಮೀಟರ್‌ಗೆ ಹೋಗುತ್ತದೆ, ಪ್ಯಾನೆಲ್ 214ಕ್ಕೆ ಬರುತ್ತದೆ. ಅಂದರೆ ಫೋಕಸ್‌ಗೆ ಮಸೂರ ನಾಲ್ಕೈದು ಮಿ.ಮೀ. ಸರಿದರೆ ಸಾಕು. 15 ಮಿ.ಮೀ. ಓಡಾಟ ಇಟ್ಟುಕೊಂಡರೆ ಎಲ್ಲ ಕೋಣೆಗೂ ಆಗುತ್ತದೆ.

ಸಾಲು ಹೀಗೆ: ಎಲ್‌ಇಡಿ, 44 ಮಿ.ಮೀ. ವ್ಯಾಸದ ಗಾಜಿನ ಸಂಗ್ರಾಹಕ ಮಸೂರ, 120 ಮಿ.ಮೀ. ಫ್ರೆನೆಲ್, ಪ್ಯಾನೆಲ್, 200 ಅಥವಾ 220 ಮಿ.ಮೀ. ಫ್ರೆನೆಲ್, ಪ್ರೊಜೆಕ್ಷನ್ ಮಸೂರ. ಎರಡೂ ಫ್ರೆನೆಲ್‌ಗಳ ಗೆರೆಗಳಿರುವ ಮುಖ ಪ್ಯಾನೆಲ್ ಕಡೆಗೆ. ಎರಡನ್ನೂ ಪ್ಯಾನೆಲ್ ಹಿಂದೆಯೇ ಇಡುವ ಪದ್ಧತಿಯೂ ಇದೆ. ಆಗ ಗೆರೆಗಳು ಚಿತ್ರದಲ್ಲಿ ಮೂಡುವ ಭಯ ಕಡಿಮೆ, ಚಿತ್ರ ಸ್ವಲ್ಪ ಚೂಪು. ಬೆಳಕು ಪ್ಯಾನೆಲ್ಲನ್ನು ಓರೆಯಾಗಿ ದಾಟುವುದರಿಂದ ಮೂಲೆಯ ಕಾಂಟ್ರಾಸ್ಟ್ ಇಳಿಯುತ್ತದೆ. ಐಪಿಎಸ್ ಪ್ಯಾನೆಲ್ ಇದ್ದರೆ ಈ ಪದ್ಧತಿಯೇ ನನಗೆ ಹೆಚ್ಚು ಇಷ್ಟ. ಟಿಎನ್ ಇದ್ದರೆ ನಡುವೆ ಪ್ಯಾನೆಲ್ ಇಡುವುದೇ ಸರಿ.

ಜೋಡಿಸುವಾಗ ಪ್ಯಾನೆಲ್ ಇಲ್ಲದೆ ಶುರು ಮಾಡಿ. ಎಲ್‌ಇಡಿಯನ್ನು 0.2 ಆಂಪಿಯರ್‌ಗೆ ಇಳಿಸಿ, ಪ್ರೊಜೆಕ್ಷನ್ ಮಸೂರದ ಜಾಗದಲ್ಲಿ ಬಿಳಿ ಕಾಗದ ಹಿಡಿಯಿರಿ. ಎಲ್‌ಇಡಿಯ ಹಳದಿ ಚೌಕ, ಸಂಗ್ರಾಹಕ ಮಸೂರ ಇಲ್ಲದಾಗ, ಕಾಗದದ ನಡುವೆ 40 ಮಿ.ಮೀ. ಹತ್ತಿರದ ಮಚ್ಚೆಯಾಗಿ ಬರಬೇಕು. 80 ಮಿ.ಮೀ. ಮಸೂರದ ಬಾಯೊಳಗೆ ಅದು ಸುಲಭವಾಗಿ ಕೂರುತ್ತದೆ. ಮಚ್ಚೆ ಪಕ್ಕಕ್ಕಿದ್ದರೆ ಎಲ್‌ಇಡಿ ನಡುಗೆರೆ ತಪ್ಪಿದೆ. ಹರಡಿದ್ದರೆ ಎಲ್‌ಇಡಿಯನ್ನು 5 ಮಿ.ಮೀ. ಹಿಂದೆ ಮುಂದೆ ಸರಿಸಿ. ಸಂಗ್ರಾಹಕ ಮಸೂರ ಹಾಕಿದಾಗ ಸರಿಯಾದ ದೂರ 120 ಆಗಿರುವುದಿಲ್ಲ, ಕಣ್ಣಳತೆಯಲ್ಲೇ ಹುಡುಕಬೇಕು. ಅದಕ್ಕೇ ಎಲ್‌ಇಡಿಯ ಹಲಗೆಗೆ ಉದ್ದ ಸೀಳು ರಂಧ್ರ ಕೊರೆಯಿರಿ. ಇದಾದ ಮೇಲೆ ಪ್ಯಾನೆಲ್ಲನ್ನು ತಲೆಕೆಳಗಾಗಿ ಕೂರಿಸಿ. ನಡುವೆ ಕನ್ನಡಿ ಹಾಕಿ ಡಬ್ಬಿಯನ್ನು ಮಡಚುವುದಾದರೆ ಅಕ್ಷರ ಎಡಬಲವಾಗುತ್ತದೆ, ಪ್ಯಾನೆಲ್‌ನ ಹಿಂಬದಿಯನ್ನು ಮಸೂರದ ಕಡೆ ತಿರುಗಿಸಿ. ಆ ಕನ್ನಡಿಗೆ ಮುಂಬದಿಯಲ್ಲೇ ಲೋಹದ ಲೇಪ ಇರುವ ಬಗೆ ಬೇಕು. ಸಾದಾ ಕನ್ನಡಿಯಲ್ಲಿ ಪ್ರತಿ ಅಕ್ಷರಕ್ಕೂ ನೆರಳು ಬೀಳುತ್ತದೆ.

ಡಬ್ಬಿಗೆ 6 ಮಿ.ಮೀ. ಪ್ಲೈವುಡ್ ಅಥವಾ ಎಂಡಿಎಫ್, ಒಳಗೆಲ್ಲ ಹೊಳಪಿಲ್ಲದ ಕಪ್ಪು. 3ಡಿ ಪ್ರಿಂಟ್ ಮಾಡಿಸುವವರು ಎಲ್‌ಇಡಿ ಹತ್ತಿರದ ಭಾಗಗಳಿಗೆ ಪಿಎಲ್‌ಎ ಬಳಸಬೇಡಿ, 60 ಡಿಗ್ರಿಗೆ ಅದು ಬಗ್ಗುತ್ತದೆ. ಪಿಇಟಿಜಿ ಅಥವಾ ಎಬಿಎಸ್ ಇರಲಿ.

ಚಿತ್ರ ಕೆಟ್ಟಾಗ

ನಡುವೆ ಕಪ್ಪು ಮೋಡ ಕವಿದು, ಆರಿಸಿದ ಹತ್ತು ನಿಮಿಷಕ್ಕೆ ಮಾಯವಾದರೆ ಎಲ್‌ಸಿಡಿಯ ದ್ರವ ಕಾದಿದೆ. ಕರೆಂಟ್ ಇಳಿಸಿ, ಗಾಳಿ ಹೆಚ್ಚಿಸಿ. ಮಾಯವಾಗದೆ ಕಂದು ಮಚ್ಚೆ ಉಳಿದರೆ ಪೋಲರೈಸರ್ ಸುಟ್ಟಿದೆ, ಪ್ಯಾನೆಲ್ ಹೋಯಿತು. ಮೂಲೆಗಳು ಮಾತ್ರ ಕಂದು ಅಥವಾ ನೀಲಿಯಾದರೆ ಎಲ್‌ಇಡಿಯ ದೂರ ತಪ್ಪಿದೆ. ನೀರಿನ ಅಲೆಯಂಥ ಉಂಗುರಗಳು ಕಂಡರೆ ಫ್ರೆನೆಲ್ ಪ್ಯಾನೆಲ್‌ಗೆ ತೀರ ಹತ್ತಿರ ಇದೆ, ಇನ್ನೂ 10 ಮಿ.ಮೀ. ಸರಿಸಿ. ಒಂದು ಪಕ್ಕ ಚೂಪು, ಇನ್ನೊಂದು ಪಕ್ಕ ಮಸುಕಾದರೆ ಪ್ಯಾನೆಲ್ಲೂ ಮಸೂರವೂ ಸಮಾನಾಂತರವಾಗಿಲ್ಲ. ಪ್ಯಾನೆಲ್‌ನ ಚೌಕಟ್ಟಿಗೆ ಒಂದು ಮೂಲೆಯಲ್ಲಿ ರಟ್ಟಿನ ಚೂರು ಸಿಕ್ಕಿಸಿ ನೋಡಿ.

ಟೇಬಲ್ ಮೇಲಿಟ್ಟ ಡಬ್ಬಿಯನ್ನು ಮೇಲಕ್ಕೆ ಓರೆ ಮಾಡಿದರೆ ಚಿತ್ರ ಮೇಲೆ ಅಗಲ, ಕೆಳಗೆ ಕಿರಿದಾಗುತ್ತದೆ. ಓರೆ ಮಾಡುವ ಬದಲು ಪ್ರೊಜೆಕ್ಷನ್ ಮಸೂರವನ್ನೇ ಪ್ಯಾನೆಲ್‌ಗೆ ಸಮಾನಾಂತರವಾಗಿ 15 ಮಿ.ಮೀ. ಮೇಲಕ್ಕೆ ಸರಿಸಿ, ಹಿಗ್ಗು 11 ಇರುವಾಗ ಚಿತ್ರ ಸುಮಾರು 18 ಸೆಂ.ಮೀ. ಮೇಲೇರುತ್ತದೆ, ಆಯತ ಕೆಡುವುದಿಲ್ಲ. ಮಸೂರದ ಜೊತೆಗೆ ಮುಂದಿನ ಫ್ರೆನೆಲ್ಲನ್ನೂ ಅಷ್ಟೇ ಮೇಲೇರಿಸಬೇಕು. ಇಲ್ಲದಿದ್ದರೆ ಎಲ್‌ಇಡಿಯ ಬಿಂಬ ಹಳೆಯ ಜಾಗದಲ್ಲೇ ಬಿದ್ದು, ಮಸೂರದ ಬಾಯಿಯ ಅಂಚಿಗೆ ತಾಗಿ, ಚಿತ್ರದ ಒಂದು ಬದಿ ಕಪ್ಪಿಡುತ್ತದೆ.